ಬೆನ್ನ ಹಿಂದೆ ಹೋಗಬೇಕಿದ್ದ ಚೆಂಡು

ಎಮಿಲ್ ಸ್ಟಾಹುರಾ ಆ ಶನಿವಾರ ಬೆಳಿಗ್ಗೆ ಎರಡನೆಯ ಸಲ ಗಡ್ಡ ಹೆರೆದುಕೊಂಡ. ಮೊದಲ ಸಲ ಹೆರೆದದ್ದು ಮರೆತುಹೋಗಿತ್ತೆಂದಲ್ಲ, ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು. ಗಲ್ಲದ ಕೆಳಗೆ ಕೊಯ್ದುಕೊಂಡು, ರಕ್ತದ ಮೇಲೆ ಕಾಗದದ ಚೂರು ಅಂಟಿಸಿಕೊಂಡು ಅಡುಗೆಮನೆಗೆ ಬಂದಾಗ, ಮೊಟ್ಟೆ ಹುರಿಯುತ್ತಿದ್ದ ಹೆಂಡತಿ ಲೊರೇನ್ ತಿರುಗಿ ನೋಡಿದಳು.

"ಮದುವೆಗೆ ಹೊರಟಂಗಿದೀಯ. ನಮ್ಮ ಮದುವೇಲೂ ಇಷ್ಟು ಹೆರೆದಿರಲಿಲ್ಲ ನೀನು."

"ಜನ ಬರ್ತಾರೆ ಕಣೇ."

"ಯಾವ ಜನ? ತಲೆ ಬೋಳಾದ ನಾಲ್ಕು ಗಂಡಸರು, ಪ್ಲಾಸ್ಟಿಕ್ ಕವರ್ ಹಿಡ್ಕೊಂಡು. ಅವರಿಗೆ ಬೇಕಿರೋದು ನಿನ್ನ ಸಹಿ, ನಿನ್ನ ಗಲ್ಲ ಅಲ್ಲ. ಕೂತ್ಕೊಂಡು ತಿನ್ನು."

ಎಮಿಲ್ ಕೂತ. ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿ ಆ ಕಾರ್ಡು ನಿಂತಿತ್ತು. ಚೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಮಕ್ಕಳಿಗೆ ಸಿಗುತ್ತಿದ್ದ ಬೇಸ್‌ಬಾಲ್ ಕಾರ್ಡು. ಮೇಲೆ ಹಳದಿ ಅಕ್ಷರದಲ್ಲಿ 'ನಾಳಿನ ತಾರೆಗಳು' ಎಂದಿದೆ. ಕೆಳಗೆ ಒಂದರ ಪಕ್ಕ ಒಂದು ಎರಡು ಮುಖ. ಎಡಗಡೆ ಇವನು, ಚೆಂಡು ಎಸೆಯುವವನು, ಫ್ಲೋರಿಡಾದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾರೋ ಈಗಷ್ಟೇ ಬೈದ ಹಾಗೆ. ಬಲಗಡೆ ಬ್ಯಾಟುಗಾರ ಆರ್ಡೆಲ್ ಪ್ರುಯಿಟ್, ಹಲ್ಲೆಲ್ಲ ಬಿಟ್ಟುಕೊಂಡು, ಎರಡೂ ಕಣ್ಣು ಅರಳಿಸಿಕೊಂಡು. ಹಿಂಬದಿಯಲ್ಲಿ ಇಬ್ಬರ ಅಂಕಿಸಂಖ್ಯೆ, ಅದರ ಕೆಳಗೆ ಇಬ್ಬರ ಬಗ್ಗೆ ಒಂದೊಂದು ಸಾಲು. 'ಎಮಿಲ್‌ಗೆ ಅಕಾರ್ಡಿಯನ್ ನುಡಿಸುವುದೆಂದರೆ ಪ್ರಾಣ.' ಎಮಿಲ್ ಹುಟ್ಟಿದಾರಭ್ಯ ಅಕಾರ್ಡಿಯನ್ ಮುಟ್ಟಿದವನಲ್ಲ. ನುಡಿಸುತ್ತಿದ್ದವನು ಅವನ ಸೋದರಮಾವ. ಕಂಪನಿಯವರು ಹವ್ಯಾಸವೇನು ಎಂದು ಕೇಳಿದಾಗ ಏನೂ ತೋಚದೆ ಅಂದುಬಿಟ್ಟಿದ್ದ. ಸುಳ್ಳು ಅವನಿಗೆ ಹಾಗೆಯೇ ಬರುತ್ತಿತ್ತು, ಯಾರಿಗೂ ಕೇಡು ಬಯಸದೆ, ಎದುರಿಗಿದ್ದವನ ಖಾಲಿ ಜಾಗ ತುಂಬಿಸಿಕೊಡಲು. ಇವತ್ತು ಮಾತ್ರ ನಿಜ ಹೇಳಲು ಹೊರಟಿದ್ದ. ಆರ್ಡೆಲ್‌ಗೆ ಆ ಒಂದು ಚೆಂಡಿನ ವಿಷಯ ಹೇಳಲೇಬೇಕು, ಇವತ್ತು ಬಿಟ್ಟರೆ ಇಬ್ಬರಲ್ಲಿ ಒಬ್ಬರು ಉಳಿದಿರುವುದಿಲ್ಲ ಎಂದು ಗೊತ್ತಿತ್ತು. ಮೊಟ್ಟೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಇದೆಲ್ಲ ಡೆನಿಸ್ ಬುಚ್ಕೊನ ಕಿತಾಪತಿ. ಮ್ಯಾನ್ಸ್‌ಫೀಲ್ಡಿನಲ್ಲಿ ಹಳೆಯ ಕಾರ್ಡುಗಳ ಅಂಗಡಿ ಇಟ್ಟವನು. ಮರೆತುಹೋದ ಆಟಗಾರರನ್ನು ಎಲ್ಲಿದ್ದರೂ ಹುಡುಕಿ ತಂದು, ಮೇಜಿನ ಹಿಂದೆ ಕೂರಿಸಿ ಸಹಿ ಹಾಕಿಸುವುದು ಅವನ ಕಸುಬು. ಫೋನಿನಲ್ಲಿ ಅವನ ದನಿ ಜೇನಿನಲ್ಲಿ ಅದ್ದಿದಂತಿತ್ತು. "ಎಮಿಲ್ ಸರ್, ನಿಮ್ಮ ಕಾರ್ಡಿಗೆ ಎಷ್ಟು ಜನ ಕಾಯ್ತಿದಾರೆ ಗೊತ್ತಾ?" ಎಂದಿದ್ದ. ಯಾಕೆ ಕಾಯುತ್ತಾರೆ ಎಂದು ಎಮಿಲ್‌ಗೂ ಗೊತ್ತಿತ್ತು. ಅವನು ಗೆದ್ದ ಆಟಗಳಿಗಾಗಿ ಅಲ್ಲ. ಅವನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತಿತ್ತು. ಒಂದೇ ಕಾರ್ಡಿನಲ್ಲಿ ನಗುತ್ತ ನಿಂತ ಇಬ್ಬರಲ್ಲಿ ಒಬ್ಬನು ಮುಂದಿನ ವರ್ಷವೇ ಇನ್ನೊಬ್ಬನ ಕಣ್ಣು ತೆಗೆದನಲ್ಲ, ಅದಕ್ಕಾಗಿ. ಜನ ಅದನ್ನು ಶಾಪದ ಕಾರ್ಡು ಎನ್ನುತ್ತಾರೆ. ಶಾಪವೇ ಆದರೂ ಇಬ್ಬರ ಸಹಿಯೂ ಇದ್ದರೆ ಚೆಂದ ಎನ್ನುತ್ತಾರೆ.

ಲೈಮಾ ಊರು ದಾಟಿ ಮ್ಯಾನ್ಸ್‌ಫೀಲ್ಡಿನ ಹೆದ್ದಾರಿಗೆ ಬಿದ್ದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ರೇಡಿಯೊ ಹಾಕಿದ, ಆರಿಸಿದ. ಕಿಟಕಿ ಇಳಿಸಿದ, ಏರಿಸಿದ. ಎರಡೂ ಕಡೆ ಕೊಯ್ಲಾದ ಜೋಳದ ಹೊಲ, ಮೊಂಡು ದಂಟುಗಳು. ಹೇಗೆ ಶುರುಮಾಡುವುದು? ಆರ್ಡೆಲ್, ಒಂದು ಮಾತು. ಆರ್ಡೆಲ್, ಆವತ್ತು ಆಸ್ಪತ್ರೆಯಲ್ಲಿ ಹೇಳಿದೆನಲ್ಲ. ಬೇಡ. ಚೆಂಡು ಕೈಯಿಂದ ಜಾರಿತು ಎಂದು ಎಲ್ಲ ಎಸೆಗಾರರೂ ಹೇಳುತ್ತಾರೆ; ಬೇಕೆಂದೇ ಮೈಗೆ ಹೊಡೆದೆ ಎಂದು ಒಪ್ಪಿಕೊಂಡರೆ ಆಟದಿಂದ ಹೊರಗೆ ಹಾಕುತ್ತಾರೆ, ದಂಡ ಹಾಕುತ್ತಾರೆ, ಅದಕ್ಕೆ ಅಂಪೈರಿನ ಮುಂದೆ, ಪತ್ರಿಕೆಯವರ ಮುಂದೆ ಎಲ್ಲರೂ ಅದನ್ನೇ ಹೇಳುವುದು, ಕೇಳುವವರೂ ನಂಬಿದಂತೆ ತಲೆಯಾಡಿಸುವುದು. ಆದರೆ ಎಮಿಲ್ ಅದನ್ನು ಹೇಳಿದ್ದು ಒಂದೇ ಕೋಣೆಯಲ್ಲಿ ಎರಡು ಬೇಸಿಗೆ ಮಲಗಿದ್ದ ಗೆಳೆಯನಿಗೆ. ಕೆಳಗಿನ ಲೀಗಿನಲ್ಲಿ ಆಡುವಾಗ ವಿಧವೆಯೊಬ್ಬಳ ಮನೆಯ ಮಹಡಿಯಲ್ಲಿ ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಫ್ಯಾನು. ಡಬ್ಬಿಯಿಂದಲೇ ಬೀನ್ಸು ತಿನ್ನುತ್ತಿದ್ದರು. ಅರ್ಕಾನ್ಸಾಸಿನ ಹಳ್ಳಿಯಿಂದ ಬಂದ ಆರ್ಡೆಲ್ ಇವನಿಗೆ ಅಂಗಿ ಇಸ್ತ್ರಿ ಮಾಡುವುದನ್ನು ಕಲಿಸಿದ್ದ. ಕಾಲರಿನಿಂದ ಶುರುಮಾಡು, ನಿಮ್ಮ ಪೋಲಾಂಡಿನಲ್ಲಿ ಕಾಲರ್ ಇಲ್ಲವಾ ಎಂದು ರೇಗಿಸುತ್ತಿದ್ದ. ನಾವು ಸ್ಲೋವಾಕರು ಕಣೋ ಎಂದರೆ, ಎಲ್ಲ ಒಂದೇ, ಕ್ಯಾಬೇಜು ತಿನ್ನೋರು ಎನ್ನುತ್ತಿದ್ದ. ಆ ಮಹಡಿಯ ಧಗೆ ಈಗಲೂ ಬೆನ್ನಿಗೆ ತಾಗಿದಂತಾಗಿ ಎಮಿಲ್ ಮತ್ತೆ ಕಿಟಕಿ ಇಳಿಸಿದ. ಹಿಂದಿನ ಲಾರಿಯವನು ಹಾರನ್ ಒತ್ತಿದ. ಅವನಿಗೇ ತಿಳಿಯದೆ ಕಾರು ತೆವಳುತ್ತಿತ್ತು.

ಕಾರ್ಡು ಅಚ್ಚಾದ ಚಳಿಗಾಲದಲ್ಲೇ ಎಮಿಲ್‌ನನ್ನು ಬೇರೆ ತಂಡಕ್ಕೆ ಕೊಟ್ಟರು. ಜೂನ್ ತಿಂಗಳಲ್ಲಿ ಎರಡೂ ತಂಡ ಎದುರಾದವು. ಆರ್ಡೆಲ್‌ನ ತಂಡದ ಎಸೆಗಾರ ಇವರ ನಾಯಕನ ಮೊಣಕೈಗೆ ಚೆಂಡು ಹಾಕಿ ಬೀಳಿಸಿದ. ಅಷ್ಟಾದರೆ ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಮ್ಮವನಿಗೆ ಬಿದ್ದರೆ ಅವರವನಿಗೂ ಬೀಳಬೇಕು, ತಲೆಗಲ್ಲ, ಪಕ್ಕೆಗೆ. ಹೊಡೆಸಿಕೊಂಡವನೂ ಪಕ್ಕೆ ಉಜ್ಜಿಕೊಂಡು ಓಡಿ, ಏಟಿಗೆ ಪ್ರತಿಯಾಗಿ ಪುಕ್ಕಟೆ ಸಿಗುವ ಮೊದಲ ಬೇಸಿನಲ್ಲಿ ನಿಲ್ಲುತ್ತಾನೆ, ಮಾರನೆಯ ದಿನ ನೀಲಿಗಟ್ಟಿದ್ದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಾನೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೂ ಮ್ಯಾನೇಜರು ಎಮಿಲ್‌ನ ಪಕ್ಕ ಬಂದು ಕೂತು, ತಂಬಾಕು ಉಗುಳಿ, "ಮುಂದೆ ಬರೋನಿಗೆ ಒಂದು ಹಾಕು," ಎಂದ. ಮುಂದೆ ಬಂದವನು ಆರ್ಡೆಲ್.

ಆರ್ಡೆಲ್‌ಗೆ ಗೊತ್ತಿತ್ತು. ಬ್ಯಾಟು ಹಿಡಿದು ನಿಂತು, ಎಮಿಲ್‌ನನ್ನು ನೋಡಿ, ಒಂದು ಕಣ್ಣು ಹೊಡೆದ. ಹಾಕು, ಮುಗಿಸು, ಆಮೇಲೆ ಊಟಕ್ಕೆ ಸಿಗೋಣ ಎಂಬಂತೆ. ಆ ಕಣ್ಣು ಹೊಡೆತವೇ ಎಮಿಲ್‌ನನ್ನು ಕೆಡಿಸಿತು. ಇವನಿಗೆ ಹೇಗೆ ಹೊಡೆಯುವುದು? ಹೊಡೆಯದೆ ಮ್ಯಾನೇಜರಿಗೆ ಹೇಗೆ ಮುಖ ತೋರಿಸುವುದು? ಆ ಗಳಿಗೆಯಲ್ಲಿ ತಾನು ಬಹಳ ಜಾಣ ಎನಿಸಿಬಿಟ್ಟಿತು. ಬೆನ್ನ ಹಿಂದೆ ಹಾಕುತ್ತೇನೆ. ಚೆಂಡು ಅವನ ಹಿಂದಿನಿಂದ ಹಾದು ಬೇಲಿಗೆ ಬೀಳುತ್ತದೆ. ಎಸೆದದ್ದನ್ನು ಎಲ್ಲರೂ ನೋಡುತ್ತಾರೆ, ಆದರೆ ಯಾರಿಗೂ ಬಿದ್ದಿರುವುದಿಲ್ಲ. ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಲೂಥರ್ ಎಂಬ ಮುದಿ ಕ್ಯಾಚರು ಮೊದಲ ವಾರವೇ ಕಿವಿ ಹಿಂಡಿ ಹೇಳಿದ್ದ: ಕಾಲಿಗೆ ಹಾಕು, ಪಕ್ಕೆಗೆ ಹಾಕು, ಬೆನ್ನ ಹಿಂದೆ ಮಾತ್ರ ಹಾಕಬೇಡ ಮಗನೇ, ಹೆದರಿದವನ ಮೈ ಹಿಂದಕ್ಕೇ ಸರಿಯುತ್ತೆ, ನೇರ ಚೆಂಡಿನ ಬಾಯಿಗೆ. ಇದು ಎಸೆಗಾರರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಎಮಿಲ್‌ಗೂ ಗೊತ್ತಿತ್ತು, ಗೊತ್ತಿದ್ದೇ ಹಾಕಿದ. ಆರ್ಡೆಲ್ ಹಿಂದಕ್ಕೆ ಸರಿದ. ಚೆಂಡು ಕಣ್ಣಿಗೆ ಬಿದ್ದ ಸದ್ದನ್ನು ಎಮಿಲ್ ಯಾರ ಬಳಿಯೂ ವರ್ಣಿಸಿದವನಲ್ಲ.

ಅಂದಿನಿಂದ ಅವನ ಚೆಂಡು ಬ್ಯಾಟುಗಾರನ ಹತ್ತಿರ ಹೋಗಲಿಲ್ಲ. ಮೈಗೆ ತಾಗೀತೆಂದು ಹೊರಹೊರಗೇ ಎಸೆಯುತ್ತಿದ್ದ. ಒಂದೇ ತಿಂಗಳಲ್ಲಿ ಲೀಗಿನವರೆಲ್ಲರಿಗೂ ವಿಷಯ ತಿಳಿಯಿತು. ಆರಾಮಾಗಿ ಮುಂದಕ್ಕೆ ಬಾಗಿ, ಹಣ್ಣು ಕಿತ್ತ ಹಾಗೆ ಹೊಡೆಯತೊಡಗಿದರು. ಕೆಳಗಿನ ಲೀಗಿಗೆ ಇಳಿಸಿದರು, ಅದರ ಕೆಳಗಿನದಕ್ಕೆ ಇಳಿಸಿದರು, ಕೊನೆಗೆ ಒಬ್ಬ ಗುಮಾಸ್ತ ಬಸ್ಸಿನ ಟಿಕೆಟ್ಟು ಕೊಟ್ಟ. ಊರಲ್ಲಿ ಎಮಿಲ್ ಹೇಳಿದ್ದು ಭುಜ ನೋವು ಅಂತ. ಲೊರೇನ್ ಇವತ್ತಿಗೂ ಮಳೆ ಬಂದರೆ ಆ ಭುಜಕ್ಕೆ ಬಿಸಿನೀರಿನ ಚೀಲ ಇಡುತ್ತಾಳೆ. ಏನೂ ಆಗದ ಭುಜವನ್ನು ಒಡ್ಡಿಕೊಂಡು ಕೂರುವಾಗ ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅಗ್ನಿಶಾಮಕ ದಳದ ಸಭಾಂಗಣದ ಬಾಗಿಲಲ್ಲೇ ಡೆನಿಸ್ ಭಿತ್ತಿಪತ್ರ ಹಚ್ಚಿದ್ದ. 'ಒಬ್ಬ ಎಸೆದ, ಒಬ್ಬ ಬಿದ್ದ! ಇಬ್ಬರೂ ಒಂದೇ ಮೇಜಿನಲ್ಲಿ!' ಎಮಿಲ್‌ಗೆ ಹಾಗೇ ಕಾರಿಗೆ ವಾಪಸು ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಡೆನಿಸ್ ಕೈಹಿಡಿದು ಒಳಗೆ ಎಳೆದುಕೊಂಡ. ಒಳಗೆ ಮಡಚುವ ಮೇಜುಗಳ ಸಾಲು, ಗಾಜಿನ ಪೆಟ್ಟಿಗೆಗಳಲ್ಲಿ ಕಾರ್ಡುಗಳು, ಹುಳಿ ಕ್ಯಾಬೇಜು ಮತ್ತು ಸಾಸೇಜಿನ ವಾಸನೆ. ಮೂಲೆಯ ಮೇಜಿನ ಹಿಂದೆ ದೊಡ್ಡ ದೇಹದ ಒಬ್ಬ ಮುದುಕ ಆಗಲೇ ಕೂತಿದ್ದ. ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಇನ್ನೊಂದು ಕಣ್ಣು ಎಮಿಲ್‌ನನ್ನು ಪಾದದಿಂದ ತಲೆಯವರೆಗೆ ಅಳೆಯಿತು.

"ಬಂದ್ಯಾ, ಪೋಲಾಂಡು," ಎಂದ ಆರ್ಡೆಲ್. "ಗಲ್ಲಕ್ಕೆ ಏನೋ ಅಂಟಿಸ್ಕೊಂಡಿದೀಯಲ್ಲೋ, ಬೆಲೆ ಚೀಟಿನಾ?"

ಎಮಿಲ್ ಕಾಗದದ ಚೂರು ಕಿತ್ತ. ಮತ್ತೆ ರಕ್ತ ಜಿನುಗಿತು. "ಸ್ಲೋವಾಕ್," ಎಂದ. ಅಷ್ಟೇ ಹೊರಬಂದದ್ದು. ಇಷ್ಟು ವರ್ಷ ಕೂಡಿಸಿಟ್ಟ ಮಾತಿನಲ್ಲಿ ಮೊದಲು ಹೊರಬಂದದ್ದು ಅದು. ಆರ್ಡೆಲ್ ಹೊಟ್ಟೆ ಕುಣಿಸಿಕೊಂಡು ನಕ್ಕು, ಪಕ್ಕದ ಕುರ್ಚಿ ಎಳೆದುಕೊಟ್ಟ. ಈಗ ಮಗಳ ಜೊತೆ ಕೊಲಂಬಸ್ಸಿನಲ್ಲಿದ್ದೇನೆ, ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತು, ಮೊಣಕಾಲು ಎರಡೂ ಬದಲಾಯಿಸಿದ್ದಾರೆ, ನಿನ್ನ ಹೆಂಡತಿ ಹೇಗಿದ್ದಾಳೆ, ಇನ್ನೂ ಓಡಿಹೋಗಿಲ್ಲವಾ ಎಂದೆಲ್ಲ ಒಂದೇ ಉಸಿರಿಗೆ ಕೇಳಿದ. ಎಮಿಲ್ ಈಗ ಹೇಳೋಣ, ಈ ಮಾತು ಮುಗಿದ ಮೇಲೆ ಹೇಳೋಣ ಎಂದು ಕಾಯುತ್ತಲೇ ಇದ್ದ. ಅಷ್ಟರಲ್ಲಿ ಡೆನಿಸ್ ಸಾಲು ಬಿಟ್ಟ.

ಜನ ಬಂದರು. ಲೊರೇನ್ ಹೇಳಿದ್ದು ಸುಳ್ಳಾಗಿರಲಿಲ್ಲ. ತಲೆ ಬೋಳಾದವರೇ ಹೆಚ್ಚು. ಮೊದಲು ಆರ್ಡೆಲ್ ಸಹಿ ಹಾಕುತ್ತಿದ್ದ, ಆಮೇಲೆ ಕಾರ್ಡು ಇವನ ಕಡೆ ಜಾರಿಸುತ್ತಿದ್ದ. ಆರ್ಡೆಲ್‌ನ ಸಹಿ ದೊಡ್ಡದು, ಬಾಲ ಬಿಟ್ಟು ಇವನ ಮುಖದವರೆಗೂ ಬರುವಂಥದ್ದು. ಉಳಿದ ಜಾಗದಲ್ಲಿ ಎಮಿಲ್ ತನ್ನ ಹೆಸರನ್ನು ಮುದುಡಿ ಕೂರಿಸುತ್ತಿದ್ದ. ಒಬ್ಬ, "ಸರ್, ನೀವು ಸ್ವಲ್ಪ ಕೆಳಗಡೆ ಹಾಕಿ, ಪ್ರುಯಿಟ್ ಅವರದ್ದಕ್ಕೆ ತಾಗಬಾರದು," ಎಂದ. ಎಮಿಲ್ ಕೆಳಗಡೆ ಹಾಕಿದ. ಆರ್ಡೆಲ್ ಪ್ರತಿಯೊಬ್ಬರಿಗೂ ಕಥೆ ಹೇಳುತ್ತಿದ್ದ, ಹೇಳಿ ಹೇಳಿ ನುಣುಪಾದ ಕಥೆ: "ನೋಡ್ರಪ್ಪ, ನಾನು ಆ ವರ್ಷ ಹೊಡೀತಿದ್ದ ಹೊಡೆತಕ್ಕೆ ಇವರಿಗೆಲ್ಲ ಚಡ್ಡಿ ಒದ್ದೆ. ಇವನನ್ನ ನಿಲ್ಲಿಸೋದು ಹೇಗೆ ಅಂತ ಸಭೆ ಸೇರಿದ್ರಂತೆ. ಕೊನೆಗೆ ನನ್ನ ಗೆಳೆಯನ ಕೈಲೇ ಕೆಡವಿಸಿದ್ರು." ಜನ ನಗುತ್ತಿದ್ದರು. ಎಮಿಲ್ ಕೇಳುತ್ತ ಕೇಳುತ್ತ ಒಳಗೇ ಕುಸಿದ. ತಾನು ಹೊತ್ತು ತಂದದ್ದನ್ನು ಇಳಿಸಲು ಇಲ್ಲಿ ಜಾಗವೇ ಇರಲಿಲ್ಲ. ಆರ್ಡೆಲ್‌ಗೆ ಉಳಿದಿರುವುದು ಈ ಕಥೆಯೊಂದೇ, ತನ್ನನ್ನು ಕಂಡರೆ ಜನ ನಡುಗುತ್ತಿದ್ದರು ಎಂಬ ಕಥೆ. ಇಲ್ಲ ಕಣೋ, ಯಾರೂ ನಡುಗಲಿಲ್ಲ, ನಿನ್ನ ಮೇಲೆ ನನಗೆ ಕನಿಕರ ಬಂತು, ಆ ಕನಿಕರಕ್ಕೇ ನಿನ್ನ ಕಣ್ಣು ಹೋಯಿತು ಎಂದು ಹೇಗೆ ಹೇಳುವುದು? ಹೇಳಿದರೆ ತನಗೆ ಹಗುರ. ಅವನಿಗೆ?

ಸಾಲಿನಲ್ಲಿ ಹಸಿರು ಕೋಟಿನ ಹೆಂಗಸೊಬ್ಬಳ ಸರದಿ ಬಂತು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತಳಾದವಳಂತೆ. ಆ ಆಟದ ದಿನ ತಂದೆಯ ಜೊತೆ ಮೈದಾನದಲ್ಲಿದ್ದಳಂತೆ. ಕಾರ್ಡು ಮುಂದಿಟ್ಟು ನೇರವಾಗಿ ಎಮಿಲ್‌ನನ್ನೇ ಕೇಳಿದಳು.

"ಪೇಪರಲ್ಲಿ ನೀವು ಜಾರಿತು ಅಂದಿದ್ರಿ. ನಮ್ಮಪ್ಪ ಸಾಯೋವರೆಗೂ ನಂಬಲಿಲ್ಲ. ನಿಜ ಹೇಳಿ ಸಾರ್, ಜಾರಿತಾ?"

"ಹೇಳೋ ಪೋಲಾಂಡು," ಎಂದ ಆರ್ಡೆಲ್, ಕುರ್ಚಿಗೆ ಒರಗಿ. "ಎಲ್ಲರೂ ಮುದುಕರಾದ್ವಿ. ಇನ್ನೇನು ದಂಡ ಹಾಕ್ತಾರೆ? ಹೇಳು, ಕೇಳಲಿ."

ಸಾಲಿನಲ್ಲಿದ್ದವರು ಮುಂದಕ್ಕೆ ಬಾಗಿದರು. ಎಮಿಲ್ ಆರ್ಡೆಲ್‌ನ ಮುಖ ನೋಡಿದ. ನಗುತ್ತಿತ್ತು, ತನ್ನ ಕಥೆಗೆ ಸಾಕ್ಷಿ ಹುಟ್ಟಲಿ ಎಂದು ಕಾಯುತ್ತಿರುವ ಹಾಗೆ ಕಂಡಿತು. ಪಾಪ ಎನಿಸಿತು. ನಿಜ ನಾಲಿಗೆಯ ತುದಿಗೆ ಬಂದಿದ್ದದ್ದು ಹಿಂದೆ ಸರಿಯಿತು. ಇವನಿಗೆ ಇಷ್ಟಾದರೂ ಕೊಡೋಣ, ಇದರಲ್ಲಿ ನನ್ನ ಗಂಟೇನು ಹೋಗುತ್ತದೆ, ಇಷ್ಟು ದಿನ ಕೆಟ್ಟವನಾಗಿ ಬದುಕಿದವನು ಬಾಯಿಬಿಟ್ಟು ಕೆಟ್ಟವನಾದರೆ ಆಯಿತು ಎಂದುಕೊಂಡ.

"ಜಾರಲಿಲ್ಲ," ಎಂದ ಎಮಿಲ್. ದನಿ ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ. "ಅವನಿಗೇ ಗುರಿ ಇಟ್ಟಿದ್ದೆ. ತಲೆಗೇ. ಅವನು ಬ್ಯಾಟ್ ಹಿಡಿದು ನಿಂತ್ರೆ ನಮಗೆಲ್ಲ ನಡುಕ."

ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಆರ್ಡೆಲ್ ಒಂದು ಗಳಿಗೆ ಬಿಟ್ಟು, ಮೇಜು ಗುದ್ದಿ, ಹೋ ಎಂದು ನಕ್ಕ. "ಕೇಳಿದ್ರಾ? ಕೇಳಿದ್ರಾ?" ಎಂದು ಸಾಲಿನವರನ್ನೆಲ್ಲ ಕೇಳಿದ. ಎಮಿಲ್‌ಗೆ ಎದೆ ಹಗುರವಾಯಿತು. ನಿಜ ಹೇಳಿದರೆ ಇದಕ್ಕಿಂತ ಹಗುರವಾಗುತ್ತಿತ್ತೆಂದು ಅನಿಸಲಿಲ್ಲ. ಮುಂದಿನ ಕಾರ್ಡುಗಳಿಗೆ ಕೈ ಬಿಡಿಸಿಕೊಂಡು ಸಹಿ ಹಾಕಿದ, ಆರ್ಡೆಲ್‌ನ ಬಾಲಕ್ಕೆ ತಾಗಿದರೂ ಲೆಕ್ಕಿಸಲಿಲ್ಲ. ಹಸಿವೂ ಆಯಿತು. ಬೆಳಿಗ್ಗೆ ಬಿಟ್ಟುಬಂದ ಮೊಟ್ಟೆಯ ನೆನಪಾಗಿ, ಡೆನಿಸ್‌ಗೆ ಹೇಳಿ ಒಂದು ಸಾಸೇಜು ತರಿಸಿಕೊಂಡು ತಿಂದ.

ಸಾಲು ಕರಗಿತು. ಡೆನಿಸ್ ಕಾಫಿ ತರಲು ಹೋದ. ಆರ್ಡೆಲ್ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದ. ಆಗಲೇ ಬಹಳ ಹೊತ್ತಿನಿಂದ ಅವನು ಯಾರಿಗೂ ಕಥೆ ಹೇಳಿರಲಿಲ್ಲ ಎಂಬುದು ಎಮಿಲ್‌ಗೆ ಆಗ ಹೊಳೆಯಿತು.

"ಆಸ್ಪತ್ರೆಗೆ ಬಂದಿದ್ದೆ ನೀನು," ಎಂದ ಆರ್ಡೆಲ್, ತಲೆಯೆತ್ತದೆ. "ಜಾರಿತು ಅಂದಿದ್ದೆ."

"ಎಲ್ಲರೂ ಹಾಗೇ ಅಲ್ವೇನೋ ಹೇಳೋದು."

"ಎಲ್ಲರೂ ಪೇಪರ್‌ನೋರಿಗೆ ಹೇಳ್ತಾರೆ. ನೀನು ನಂಗೆ ಹೇಳಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು, ನಿನ್ನ ದನಿ ಮಾತ್ರ ಕೇಳ್ತಿತ್ತು. ನಮ್ಮಮ್ಮ ಪಕ್ಕದಲ್ಲೇ ಕೂತಿದ್ಲು. ಸಾಯೋವರೆಗೂ ಹೇಳ್ತಿದ್ಲು, ಆ ಹುಡುಗನ ಮೇಲೆ ಸಿಟ್ಟಿಟ್ಕೋಬೇಡ, ಅವನ ಕೈ ಜಾರಿತಂತೆ, ಎಷ್ಟು ಅಳ್ತಿದ್ದ ನೋಡು ಅಂತ. ಒಂದು ದಿನಾನೂ ಇಟ್ಕೊಳ್ಳಲಿಲ್ಲ ನಾನು."

"ಆರ್ಡೆಲ್, ನೀನೇ ಬೆಳಿಗ್ಗೆಯಿಂದ..."

"ಅದು ಜನಕ್ಕೆ ಕಣೋ. ಜನಕ್ಕೆ ಏನಾದ್ರೂ ಹೇಳಬೇಕಲ್ಲ. ಒಕ್ಕಣ್ಣ ಅಂತ ಪಾಪ ಪಾಪ ಅನ್ನೋದಕ್ಕಿಂತ ಅದು ವಾಸಿ." ಆರ್ಡೆಲ್ ಪೆನ್ನು ಕೆಳಗಿಟ್ಟ. "ಹೇಳು ಅಂದಾಗ ನೀನು ಎಂದಿನಂಗೆ ಜಾರಿತು ಅಂತೀಯ, ನಾನು ನಂಬಲ್ಲ ಅಂತ ರೇಗಿಸ್ತೀನಿ ಅಂದ್ಕೊಂಡಿದ್ದೆ. ತಲೆಗೇ ಗುರಿ ಇಟ್ಟೆ ಅಂದ್ಯಲ್ಲೋ."

ಎಮಿಲ್ ಆರ್ಡೆಲ್‌ನ ತೋಳು ಹಿಡಿದುಕೊಂಡು, ತೊದಲುತ್ತ, ಕಾರಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ ಹೇಳಿದ. ಈಗ ಹೇಳಿದ್ದು ಸುಳ್ಳು, ನಿನ್ನ ಸಂತೋಷಕ್ಕೆ ಹೇಳಿದ್ದು. ಮ್ಯಾನೇಜರು ಹಾಕು ಅಂದ. ನೀನು ಕಣ್ಣು ಹೊಡೆದೆ. ನಿನಗೆ ಬೀಳಬಾರದು ಅಂತ ಬೆನ್ನ ಹಿಂದೆ ಹಾಕಿದೆ. ನಿನಗೆ ಬೀಳಬಾರದು ಅಂತ ಕಣೋ.

ಆರ್ಡೆಲ್ ಅವನ ಕೈಯನ್ನು ತನ್ನ ತೋಳಿನಿಂದ ಬಿಡಿಸಿದ.

"ನಾನು ಪಕ್ಕೆ ಕೊಟ್ಟು ನಿಂತಿದ್ದೆನಲ್ಲೋ," ಎಂದ. "ನಿಂಗಂತಲೇ ಕೊಟ್ಟು ನಿಂತಿದ್ದೆ."

ಆರ್ಡೆಲ್ ಒಂದೊಂದೇ ಬೆರಳು ಮಡಚಿ ಎಣಿಸಿದ.

"ಆಸ್ಪತ್ರೇಲಿ ಒಂದು. ಆಗ್ಲೆ ಜನರ ಮುಂದೆ ಒಂದು. ಈಗ ಇದೊಂದು. ಯಾವುದನ್ನ ಇಟ್ಕೊಳ್ಳಲಿ ನಾನು?" ದನಿಯಲ್ಲಿ ಕುಹಕವಿರಲಿಲ್ಲ. ಆರ್ಡೆಲ್ ನಿಜವಾಗಿಯೂ ಕೇಳುತ್ತಿದ್ದ, ಉತ್ತರಕ್ಕೆ ಕಾಯುತ್ತಿದ್ದ.

"ಮೊದಲನೇದು," ಎಂದ ಎಮಿಲ್. "ಮೊದಲನೇದನ್ನೇ ಇಟ್ಕೋ."

ಆರ್ಡೆಲ್ ಮೇಜಿಗೆ ಕೈಯೂರಿ, ಬದಲಾಯಿಸಿದ ಮೊಣಕಾಲುಗಳ ಮೇಲೆ ನಿಧಾನವಾಗಿ ಎದ್ದು ನಿಂತ.

"ಅದು ಚೆನ್ನಾಗಿತ್ತು," ಎಂದ. "ಅದನ್ನ ನೀನು ಇವತ್ತು ತಗೊಂಡುಬಿಟ್ಟೆ."

ಕೋಟು ಹಾಕಿಕೊಂಡು, ಡೆನಿಸ್‌ಗೆ ಏನೋ ಹೇಳಿ, ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದ. ಡೆನಿಸ್ ಎರಡು ಲೋಟ ಕಾಫಿ ತಂದು ಮೇಜಿನ ಮೇಲಿಟ್ಟು, ಪ್ರುಯಿಟ್ ಸರ್‌ಗೆ ಸುಸ್ತಾಗಿದೆಯಂತೆ, ಅವರು ಸಹಿ ಮಾಡಿಟ್ಟ ಈ ಕಾರ್ಡುಗಳಿಗೆ ನಿಮ್ಮದೊಂದು ಹಾಕಿಬಿಟ್ಟರೆ ಆಯಿತು ಎಂದು ಒಂದು ಕಟ್ಟನ್ನು ಎಮಿಲ್‌ನ ಮುಂದಿಟ್ಟ.